ಅವರವರ ಚಳಿಗೆ ಅವರವರ ಕೌದಿ

ಹ್ಯಾಮಕ್ಕಿನಲ್ಲಿ ಮಲಗುವವರಿಗೆ ಚಳಿ ಕೆಳಗಿನಿಂದ ಬರುತ್ತದೆ. ಹೊಸಬರಿಗೆ ಇದನ್ನು ಹೇಳಿದರೆ ಸುಲಭಕ್ಕೆ ನಂಬುವುದಿಲ್ಲ. ಚಳಿ ಎಂದರೆ ಮುಖಕ್ಕೆ ಬಡಿಯುವ ಗಾಳಿ, ಮೂಗಿನ ತುದಿ, ಕಿವಿ, ಹೆಚ್ಚೆಂದರೆ ಹೊದಿಕೆಯಿಂದ ಆಚೆ ಬಂದ ಕಾಲ್ಬೆರಳು ಎಂಬುದು ನಮ್ಮ ರೂಢಿಯ ಲೆಕ್ಕ. ಮೇಲೆ ದಪ್ಪಗೆ ಹೊದ್ದುಕೊಂಡರೆ ಮುಗಿಯಿತು ಅಂದುಕೊಳ್ಳುತ್ತೇವೆ. ಮಂಚದ ಮೇಲೆ ಮಲಗುವವರಿಗೆ ಆ ಲೆಕ್ಕ ಸರಿಹೋಗುತ್ತದೆ. ಎರಡು ಮರಗಳ ನಡುವೆ ತೂಗುವ ಬಟ್ಟೆಯಲ್ಲಿ ಮಲಗಿದಾಗ ಮಾತ್ರ ಮೈಯ ಕೆಳಗಿರುವುದು ತೆಳ್ಳನೆಯ ಒಂದು ನೈಲಾನ್ ಪದರ, ಅದರ ಕೆಳಗೆ ಇಡೀ ಕಾಡಿನ ಗಾಳಿ. ಆ ಗಾಳಿ ರಾತ್ರಿಯಿಡೀ ಬೆನ್ನಿನ ಶಾಖವನ್ನು ಎತ್ತಿಕೊಂಡು ಹೋಗುತ್ತಲೇ ಇರುತ್ತದೆ. ಹಗಲು ಹಾಯಾಗಿದ್ದ ಹ್ಯಾಮಕ್ಕು ನಡುರಾತ್ರಿ ದಾಟಿದ ಮೇಲೆ ಸೊಂಟ, ಪಿರ್ರೆ, ಭುಜದ ಹಿಂಭಾಗ ಎಲ್ಲವನ್ನೂ ಕೊರೆಯತೊಡಗುವುದು ಹೀಗೆ.

ದಪ್ಪನೆಯ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕು ಮಲಗಿದರಾಯಿತಲ್ಲ ಎನ್ನಬಹುದು. ತೊಡಕು ಇರುವುದೇ ಅಲ್ಲಿ. ಹೊದಿಕೆ ಬೆಚ್ಚಗಿರುವುದು ಅದು ಉಬ್ಬಿರುವ ತನಕ. ಬೆನ್ನಿನ ಭಾರಕ್ಕೆ ಸಿಕ್ಕ ಭಾಗ ಚಪ್ಪಟೆಯಾಗಿ, ಕೊನೆಗೆ ಎರಡು ಪದರ ಬಟ್ಟೆಯಷ್ಟೇ ಆಗಿ ಉಳಿಯುತ್ತದೆ. ನೆಲದ ಮೇಲಾದರೆ ಕೆಳಗೆ ಹಾಸಿದ ಮ್ಯಾಟು ಆ ಕೊರತೆಯನ್ನು ತುಂಬುತ್ತದೆ. ಹ್ಯಾಮಕ್ಕಿನೊಳಗೆ ಹಾಸಿದ ಮ್ಯಾಟು ಜಾರುತ್ತದೆ, ಮಗ್ಗುಲು ಬದಲಿಸಿದಂತೆ ಓರೆಯಾಗುತ್ತದೆ, ಭುಜಗಳನ್ನು ಬಯಲಿಗೆ ಬಿಟ್ಟುಕೊಡುತ್ತದೆ. ಅದಕ್ಕೇ ಹ್ಯಾಮಕ್ ಕಟ್ಟುವವರು ಬೇರೊಂದು ದಾರಿ ಕಂಡುಕೊಂಡರು. ಬೆನ್ನಿನ ಹೊದಿಕೆಯನ್ನು ಹ್ಯಾಮಕ್ಕಿನ ಹೊರಗೆ, ಅದರ ಹೊಟ್ಟೆಗೆ ತಗುಲಿದಂತೆ ಕೆಳಗಡೆ ತೂಗುಹಾಕಿದರು. ಅದರ ಮೇಲೆ ಯಾರ ಭಾರವೂ ಬೀಳುವುದಿಲ್ಲವಾದ್ದರಿಂದ ಅದು ಉಬ್ಬಿದ್ದು ಉಬ್ಬಿದಂತೆಯೇ ಇರುತ್ತದೆ. ಇದಕ್ಕೆ ಅಂಡರ್‌ಕ್ವಿಲ್ಟ್ ಅನ್ನುತ್ತಾರೆ. ಮೈಮೇಲೆ ಹೊದೆಯುವುದು ಟಾಪ್ ಕ್ವಿಲ್ಟ್. ಎರಡನ್ನೂ ಮನೆಯ ಸಾಧಾರಣ ಹೊಲಿಗೆ ಯಂತ್ರದಲ್ಲಿ, ಒಳಗೆ ಹತ್ತಿಯಂತೆ ಉಬ್ಬುವ ಸಿಂಥೆಟಿಕ್ ಹಾಳೆ ಹಾಕಿ, ನಾವೇ ಹೊಲಿದುಕೊಳ್ಳುವುದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕೂತಿದ್ದೇನೆ. ನೇರ ದಾರಿಯಲ್ಲಿ ಹೋದರೆ ಅದು ಹೊಲಿಗೆ ಪಾಠವಾದೀತು. ಅಲ್ಲಲ್ಲಿ ನಿಂತು, ಸುತ್ತುಹಾದಿ ಹಿಡಿದು ಹೋಗೋಣ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ರಾಜ್ಯದ ಪಶ್ಚಿಮಕ್ಕೆ ಹೋದಂತೆ ಬ್ಲೂ ರಿಜ್ ಬೆಟ್ಟಸಾಲು ಏಳುತ್ತದೆ, ಪಿಸ್ಗಾ ಕಾಡು ಹರಡಿಕೊಳ್ಳುತ್ತದೆ. ಅದಕ್ಕೂ ಆಚೆ ಟೆನೆಸ್ಸೀ ಗಡಿಯ ನೆತ್ತಿಯ ಮೇಲೆ ಅಪಲಾಚಿಯನ್ ಟ್ರೇಲ್ ಹಾದುಹೋಗುತ್ತದೆ: ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ. ಆ ದಾರಿಯ ಅತಿ ಎತ್ತರದ ಜಾಗ ಕುವೊಹಿ, 2,025 ಮೀಟರ್. ಅದರ ನೆತ್ತಿಯ ಮೇಲೆ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಮಲೆನಾಡಿನವರಿಗೆ ಇದೇನು ಮಹಾ ಮಳೆಯಲ್ಲ, ಆದರೆ ಇದು ಚಳಿಯೊಡನೆ ಬರುವ ಮಳೆ. ನೆಲವೋ ಇಳಿಜಾರು; ಬೇರು, ಕಲ್ಲು, ರೋಡೊಡೆಂಡ್ರಾನ್ ಪೊದೆ. ಡೇರೆ ಹಾಕಲು ಒಂದು ಚಾಪೆಯಗಲ ಸಮ ಜಾಗ ಹುಡುಕುತ್ತಾ ಸಂಜೆ ಕಳೆದುಹೋಗುವ ಕಡೆ, ಮರಗಳಿಗೆ ಮಾತ್ರ ಬರವಿಲ್ಲ. ಓಕ್, ಮೇಪಲ್, ಟ್ಯೂಲಿಪ್ ಪಾಪ್ಲರ್ ಬೇಕಾದಷ್ಟು. ಹ್ಯಾಮಕ್ಕು ಈ ಕಾಡಿಗೆ ಹೇಳಿ ಮಾಡಿಸಿದ್ದು.

ಮರದ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಬೆಟ್ಟಗಳಲ್ಲಿ ಹೆಮ್ಲಾಕ್ ಮರಗಳು ಏಷ್ಯಾದಿಂದ ಬಂದ ಹತ್ತಿಯುಂಡೆಯಂಥ ಬಿಳಿ ಕೀಟಕ್ಕೆ ಸಿಕ್ಕಿ ನಿಂತಲ್ಲೇ ಒಣಗಿವೆ. ನೋಡಲು ನೆಟ್ಟಗೆ ನಿಂತಿರುವ ಆ ಮರಗಳು ಯಾವ ಗಾಳಿಗೆ ಯಾವ ಕೊಂಬೆ ಬೀಳಿಸುತ್ತವೆಂದು ಹೇಳಲಾಗದು. ಹ್ಯಾಮಕ್ ಕಟ್ಟುವ ಮುನ್ನ ತಲೆಯೆತ್ತಿ ನೋಡಬೇಕು, ಹಸಿ ಎಲೆಯಿರುವ ಗಟ್ಟಿ ಮರಕ್ಕೇ ಕಟ್ಟಬೇಕು. ಹಗ್ಗ ನೇರವಾಗಿ ತೊಗಟೆಯನ್ನು ಕೊಯ್ಯದಂತೆ ಕನಿಷ್ಠ ಎರಡೂವರೆ ಸೆಂ.ಮೀ. ಅಗಲದ ಪಟ್ಟಿ ಸುತ್ತಬೇಕು. ನಮ್ಮನ್ನು ರಾತ್ರಿಯಿಡೀ ಹೊರುವ ಮರಕ್ಕೆ ಬೆಳಗ್ಗೆ ಗಾಯ ಉಳಿಯಬಾರದು.

ಹ್ಯಾಮಕ್ಕಿಗೂ ಚಳಿಗೂ ಹುಟ್ಟಿನಿಂದ ಪರಿಚಯವಿಲ್ಲ. ಅದು ಕೆರಿಬಿಯನ್ ಮತ್ತು ದಕ್ಷಿಣ ಅಮೆರಿಕದ ಬಿಸಿನಾಡಿನ ಜನ ನೇಯ್ದುಕೊಂಡ ಹಾಸಿಗೆ. 1492ರಲ್ಲಿ ಬಹಾಮಾ ದ್ವೀಪಗಳಿಗೆ ಬಂದ ಕೊಲಂಬಸ್ ಅಲ್ಲಿನವರು ಬಲೆಯಂಥ ಹಾಸಿಗೆಯಲ್ಲಿ ಮಲಗುವುದನ್ನು ಕಂಡ. ಹಾವು, ಇರುವೆ, ಕೆಸರುಗಳಿಂದ ಮೇಲಿರಬೇಕು, ಕೆಳಗಿನಿಂದ ತಂಪು ಗಾಳಿ ಆಡಬೇಕು ಎನ್ನುವುದೇ ಅದರ ಗುಣ. ನಾವು ಇಲ್ಲಿ ತಡೆಯಲು ಹೆಣಗುವ ಗಾಳಿ ಅಲ್ಲಿ ಬೇಕಾದ ಗಾಳಿ. ಆದರೆ ಆ ನಾಡುಗಳಲ್ಲೂ ತಣ್ಣನೆಯ ರಾತ್ರಿಗಳಿದ್ದವು. ಅಮೆಜಾನ್ ಕಾಡಿನ ಜನ ಹ್ಯಾಮಕ್ಕಿನ ಪಕ್ಕ ಅಥವಾ ಕೆಳಗೆ ಸಣ್ಣ ಬೆಂಕಿ ಹಾಕಿಕೊಂಡು ಮಲಗುತ್ತಿದ್ದರು. ಬೆನ್ನಿನ ಚಳಿಗೆ ಮನುಷ್ಯ ಕಂಡುಕೊಂಡ ಮೊದಲ ಮದ್ದು ಕೆಂಡವೇ ಇರಬೇಕು. ಇಂಗ್ಲೆಂಡಿನ ನೌಕಾಪಡೆ 1597ರಲ್ಲಿ ಹ್ಯಾಮಕ್ಕನ್ನು ಒಪ್ಪಿಕೊಂಡಾಗ ಹಡಗಿನ ಮರದ ಅಟ್ಟದ ಕೆಳಗೆ ಬೆಂಕಿ ಹಾಕುವಂತಿರಲಿಲ್ಲ. ನಾವಿಕರು ಕ್ಯಾನ್ವಾಸಿನೊಳಗೆ ತೆಳುವಾದೊಂದು ಹಾಸಿಗೆ, ಕಂಬಳಿ ಹಾಸಿಕೊಂಡರು. ಬೆಳಗಾದರೆ ಅವೆಲ್ಲವನ್ನೂ ಸುತ್ತಿ ಹಡಗಿನ ಅಂಚಿಗೆ ಒಟ್ಟುತ್ತಿದ್ದರು. ಯುದ್ಧದಲ್ಲಿ ಆ ಸುರುಳಿಗಳೇ ಗುಂಡಿಗೆ ಅಡ್ಡವಾಗುತ್ತಿದ್ದವು.

ಈಗಿನ ಅಂಡರ್‌ಕ್ವಿಲ್ಟಿನ ಹತ್ತಿರದ ಪೂರ್ವಜನನ್ನು ಹುಡುಕಿದರೆ ಅದೂ ಸೈನ್ಯದಲ್ಲೇ ಸಿಗುತ್ತದೆ. ವಿಯೆಟ್ನಾಂ ಯುದ್ಧದ ಕಾಲಕ್ಕೆ, 1960ರ ದಶಕದಲ್ಲಿ, ಅಮೆರಿಕದ ಸೈನಿಕರ ಕೈಗೆ ಪಾಂಚೋ ಲೈನರ್ ಎಂಬ ಹಗುರ ಹೊದಿಕೆ ಬಂತು. ಎರಡು ಪದರ ನೈಲಾನ್, ನಡುವೆ ತೆಳು ಪಾಲಿಯೆಸ್ಟರ್, ಅಂಚಿನುದ್ದಕ್ಕೂ ಕಟ್ಟಲು ದಾರ. ಉಣ್ಣೆಯ ಕಂಬಳಿ ನೆನೆದರೆ ಹೊರಲಾಗದ ಕಾಡಿನಲ್ಲಿ ಇದು ನೆನೆದರೂ ಹಿಂಡಿ ಹೊದೆಯಬಹುದಾದ ವಸ್ತು. ಯುದ್ಧದ ನಂತರ ಸೈನ್ಯದ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕ ಈ ಲೈನರುಗಳನ್ನು ಚಾರಣಿಗರು ಹ್ಯಾಮಕ್ಕಿನ ಕೆಳಗೆ ಕಟ್ಟಿ ನೋಡಿದರು. ಬೆನ್ನು ಬೆಚ್ಚಗಾಯಿತು. ಇಂದು ಮನೆಯಲ್ಲಿ ಹೊಲಿಯುವವರು ಮಾಡುತ್ತಿರುವುದು ಅದೇ ವಸ್ತುವಿನ ಇನ್ನಷ್ಟು ಹದವಾದ ರೂಪ.

ಬೆಚ್ಚಗೆ ಇಡುವುದು ಯಾವುದು ಎಂಬ ಪ್ರಶ್ನೆಗೆ ನಮ್ಮೂರ ಪಿಂಜಾರರು ಭೌತಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ಧಾರವಾಡದ ಕಡೆ ನದಾಫರೆಂದೂ ಕರೆಯುವ ಅವರು ಬಿಲ್ಲು ಹಿಡಿದು ಓಣಿಗೆ ಬಂದರೆ ವರ್ಷಗಟ್ಟಲೆ ಮಲಗಿ ಗಟ್ಟಿಯಾದ ಗಾದಿಗಳು ಅಂಗಳಕ್ಕೆ ಬರುತ್ತಿದ್ದವು. ಹೊಲಿಗೆ ಬಿಚ್ಚಿ, ಗಂಟುಗಂಟಾದ ಹತ್ತಿಯನ್ನು ಸುರಿದು, ಬಿಲ್ಲಿನ ನರವನ್ನು ಅದರ ಮೇಲೆ ಮಿಡಿದರೆ ಹತ್ತಿ ಏಳುತ್ತಿತ್ತು. ಅದೇ ಹತ್ತಿ, ಅದೇ ತೂಕ, ಎತ್ತರ ಮಾತ್ರ ಮೊದಲಿನ ಎರಡು ಪಟ್ಟು ಮೂರು ಪಟ್ಟು. ಅಷ್ಟು ಹೊತ್ತು ಬಿಲ್ಲು ಮಿಡಿದು ಅವರು ಸೇರಿಸಿದ್ದು ಗಾಳಿ. ನಿಂತ ಗಾಳಿಯಷ್ಟು ಶಾಖವನ್ನು ತಡೆದಿಡುವ ವಸ್ತು ಇಷ್ಟು ಹಗುರವಾಗಿ, ಇಷ್ಟು ಅಗ್ಗವಾಗಿ ಬೇರೆ ಸಿಗುವುದಿಲ್ಲ. ಪಾಲಿಯೆಸ್ಟರ್ ಎಳೆಯ ಮೂಲಕ ಶಾಖ ಗಾಳಿಯಲ್ಲಿ ಹರಿಯುವುದಕ್ಕಿಂತ ಹಲವು ಪಟ್ಟು ಬೇಗ ಹರಿಯುತ್ತದೆ. ಎಳೆಗಳ ಕೆಲಸ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿ ಹಾಕಿ ಕದಲದಂತೆ ಹಿಡಿಯುವುದು. ಹೊದಿಕೆ ಹೊಲಿಯುವವರು ಕಟ್ಟಕಡೆಗೆ ಮಾಡುವುದೂ ಇಷ್ಟೇ: ಗಾಳಿಗೆ ಮನೆ ಕಟ್ಟಿಕೊಡುವುದು, ಆ ಮನೆ ಕುಸಿಯದಂತೆ ನೋಡಿಕೊಳ್ಳುವುದು.

ಗಾಳಿಯನ್ನು ಹಿಡಿಯುವುದರಲ್ಲಿ ಬಾತು ಹೆಬ್ಬಾತುಗಳ ಒಳಗರಿ, ಅಂದರೆ ಡೌನ್, ಎಲ್ಲಕ್ಕಿಂತ ಮುಂದು. ಅಷ್ಟೇ ಬಿಸುಪಿಗೆ ಅದರ ತೂಕ ಕಡಿಮೆ, ಮಡಚಿದರೆ ತೀರ ಸಣ್ಣದಾಗುತ್ತದೆ. ನಾನು ಸಿಂಥೆಟಿಕ್ ಆರಿಸಿದ್ದಕ್ಕೆ ಕಾರಣಗಳಿವೆ. ಗರಿ ಬಹುಪಾಲು ಮಾಂಸಕ್ಕಾಗಿ ಕೊಂದ ಹಕ್ಕಿಯದು. ಅದನ್ನು ಹೊದೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಗರಿ ನೆನೆದರೆ ಮುದ್ದೆಯಾಗುತ್ತದೆ, ಈ ಬೆಟ್ಟಗಳಲ್ಲಿ ಮಳೆಯಿಲ್ಲದಿದ್ದರೆ ಮಂಜು, ಮಂಜಿಲ್ಲದಿದ್ದರೆ ಇಬ್ಬನಿ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇಕಡಾ 0.4ರಷ್ಟು ತೇವವನ್ನು ಮಾತ್ರ ಒಳಗೆ ಎಳೆದುಕೊಳ್ಳುತ್ತದೆ. ಹತ್ತಿ ಎಳೆದುಕೊಳ್ಳುವುದು ಶೇಕಡಾ 8ರಷ್ಟು. ಮತ್ತೊಂದು ಕಾರಣ ಹೊಲಿಗೆಯದು. ಗರಿ ತುಂಬಲು ಒಳಗೆ ಗೋಡೆಗಳನ್ನು ಕಟ್ಟಿ, ಕೋಣೆಕೋಣೆಗೆ ತೂಕ ಹಾಕಿ, ಮನೆಯ ತುಂಬ ಹಾರುವ ಪುಚ್ಚವನ್ನು ಹಿಡಿಯಬೇಕು. ಸಿಂಥೆಟಿಕ್ ಹಾಳೆಯನ್ನು ಕತ್ತರಿಸಿ ಹೊಲಿದರಾಯಿತು. ಮೊದಲ ಸಲ ಹೊಲಿಯುವವರಿಗೂ ಅದು ಮಣಿಯುತ್ತದೆ. ಪೆಟ್ರೋಲಿಯಮ್ಮಿನಿಂದ ಬಂದ ಪ್ಲಾಸ್ಟಿಕ್ಕು ಇದು ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ನನ್ನ ಉತ್ತರ ಒಂದೇ: ಒಂದನ್ನು ಹೊಲಿದು, ರಿಪೇರಿ ಮಾಡುತ್ತಾ, ವರ್ಷಾನುಗಟ್ಟಲೆ ಬಳಸುವುದು.

ಪಾಲಿಯೆಸ್ಟರ್ ನಾರು ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನಲ್ಲಿ. ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನಲ್ಲಿದ್ದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಮಾಡಿದರು. ಟೆರಿಲಿನ್ ಎಂಬ ಹೆಸರಿನಲ್ಲಿ ಅದು ನಮ್ಮ ಅಪ್ಪಂದಿರ ಅಂಗಿಗಳವರೆಗೂ ಬಂತು. ಕಾಕತಾಳೀಯವೆಂದರೆ, ಬಟ್ಟೆ ಎಷ್ಟು ಬೆಚ್ಚಗಿಡುತ್ತದೆಂದು ಅಳೆಯುವ 'ಕ್ಲೋ' ಎಂಬ ಮಾನವನ್ನು ಗ್ಯಾಗಿ, ಬರ್ಟನ್ ಮತ್ತು ಬ್ಯಾಝೆಟ್ ಎಂಬ ಮೂವರು ವಿಜ್ಞಾನಿಗಳು ಸೂಚಿಸಿದ್ದೂ ಅದೇ 1941ರಲ್ಲಿ. 21 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಯಲ್ಲಿ ಸುಮ್ಮನೆ ಕೂತವರನ್ನು ಹಾಯಾಗಿ ಇಡುವ ಬಟ್ಟೆ ಒಂದು ಕ್ಲೋ; ಸುಮಾರಾಗಿ ಒಂದು ಸೂಟಿನಷ್ಟು. 1980ರ ದಶಕದಲ್ಲಿ ಅಮೆರಿಕದ ಸೈನ್ಯ ಗರಿಗೆ ಬದಲಿ ಕೇಳಿದಾಗ ಪ್ರೈಮಾಲಾಫ್ಟ್ ಎಂಬ ಸಿಂಥೆಟಿಕ್ ತುಂಬುವಸ್ತು ಬಂತು. ಮನೆಯಲ್ಲಿ ಹೊಲಿಯುವವರ ಮೆಚ್ಚಿನದು ಮಾತ್ರ ಕ್ಲೈಮಾಶೀಲ್ಡ್ ಎಪೆಕ್ಸ್ ಎಂಬ ಹಾಳೆ. ಅದರ ಗುಟ್ಟು ಎಳೆಯ ಉದ್ದದಲ್ಲಿದೆ. ಸಾಧಾರಣ ಹಾಳೆಯಲ್ಲಿ ಬೆರಳುದ್ದದ ತುಂಡು ಎಳೆಗಳು ಇರುತ್ತವೆ. ಅಲ್ಲಲ್ಲಿ ಹೊಲಿಗೆ ಹಾಕದಿದ್ದರೆ ಅವು ಜರುಗಿ ಗುಡ್ಡೆ ಕಟ್ಟುತ್ತವೆ. ಎಪೆಕ್ಸಿನಲ್ಲಿ ಎಳೆ ಕಡಿಯದೆ ಸಾಗುತ್ತದೆ. ಆದ್ದರಿಂದ ಅಂಚಿನಲ್ಲಿ ಹೊಲಿದರೆ ಸಾಕು, ನಡುವಿನ ಬಯಲಿಗೆ ಸೂಜಿ ಮುಟ್ಟಿಸುವ ಅಗತ್ಯವಿಲ್ಲ. ಚದರ ಮೀಟರಿಗೆ 200 ಗ್ರಾಂ ತೂಗುವ ಹಾಳೆ ಸುಮಾರು ಮೂರು ಸೆಂ.ಮೀ. ಉಬ್ಬುತ್ತದೆ, ಸುಮಾರು 4.9 ಕ್ಲೋ ಕೊಡುತ್ತದೆ, ಬಹಳ ಜನರನ್ನು ಸೊನ್ನೆ ಡಿಗ್ರಿಯ ಆಸುಪಾಸಿನವರೆಗೆ ಕಾಯುತ್ತದೆ.

'ಬಹಳ ಜನರನ್ನು' ಅಂದೆನಲ್ಲ, ನಾನು ಹೇಳಬೇಕೆಂದಿರುವ ಮಾತು ಅಲ್ಲಿದೆ. ಅಂಗಡಿಯ ಸ್ಲೀಪಿಂಗ್ ಬ್ಯಾಗಿನ ಮೇಲೆ ಇಂತಿಷ್ಟು ಡಿಗ್ರಿ ಎಂದು ಬರೆದಿರುತ್ತದೆ. ಆ ಡಿಗ್ರಿ ಯಾರದು? ಯುರೋಪು 2002ರಲ್ಲಿ ಇಎನ್ 13537 ಎಂಬ ಮಾನದಂಡ ತಂದಿತು. ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಅದರಲ್ಲಿ ಇಬ್ಬರು ಮಾದರಿ ಮನುಷ್ಯರಿದ್ದಾರೆ. ಗಂಡಸು 25 ವರ್ಷದವನು, 1.73 ಮೀಟರ್ ಎತ್ತರ, 73 ಕಿಲೊ ತೂಕ. ಹೆಂಗಸು 25 ವರ್ಷದವಳು, 1.60 ಮೀಟರ್, 60 ಕಿಲೊ. ಹಾಯಾಗಿ ಮಲಗುವ ಡಿಗ್ರಿ ಆಕೆಯದು, ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಡಿಗ್ರಿ ಆತನದು. ಅಳತೆಗೆ ಇದು ಬೇಕಾದದ್ದೇ, ಒಂದು ಬ್ಯಾಗನ್ನು ಇನ್ನೊಂದರ ಜೊತೆ ತೂಗಿ ನೋಡಲು ಇದಿಲ್ಲದೆ ಆಗದು. ಆದರೆ ನಮ್ಮ ಮನೆಯಲ್ಲಿ ಆ ಇಬ್ಬರೂ ಇಲ್ಲ. ನಾನು ಐದಡಿಯವಳು, ಐವತ್ತು ದಾಟಿದವಳು, ಕಾಲು ತಣ್ಣಗಾದರೆ ನಿದ್ದೆಯೇ ಹತ್ತದವಳು. ನನ್ನ ಗಂಡನಿಗೆ ಮೈಯೆಲ್ಲ ಬೆಚ್ಚಗಿದ್ದು ಭುಜ ಮಾತ್ರ ಕೊರೆಯುತ್ತದೆ, ಮಗ್ಗುಲಾಗಿ ಮಲಗುವ ಅಭ್ಯಾಸ ಅದಕ್ಕೆ ಕಾರಣ. ಮಗಳು ಹೊದ್ದಿದ್ದನ್ನು ಒದ್ದು ಮಲಗುವವಳು. ಮೂವರ ಚಳಿಯೂ ಬೇರೆ ಬೇರೆ ಕಡೆ ಇದೆ. ಅದಕ್ಕೆ ಒಂದೇ ಡಿಗ್ರಿಯ ಉತ್ತರವಿಲ್ಲ. ಆ ಚಳಿ ಎಲ್ಲೆಲ್ಲಿದೆಯೆಂದು ತಿಳಿದವರು ಮನೆಯವರು, ಆದ್ದರಿಂದ ಕತ್ತರಿಯೂ ಅವರ ಕೈಯಲ್ಲೇ ಇರಬೇಕು.

ಕಾಡಿಗೆ ತನ್ನ ಸಾಮಾನು ತಾನೇ ಹೊಲಿದುಕೊಂಡು ಹೋದವರಲ್ಲಿ ನನಗೆ ಅತ್ಯಂತ ಪ್ರಿಯಳಾದವಳು ಎಮ್ಮಾ ಗೇಟ್‌ವುಡ್. ಒಹಾಯೊದ ರೈತ ಹೆಂಗಸು, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೆಯ ವಯಸ್ಸಿನಲ್ಲಿ, ಅಪಲಾಚಿಯನ್ ಟ್ರೇಲನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಮೊದಲ ಮಹಿಳೆಯಾದಳು. ಹೆಗಲಿಗೇರಿಸಿದ್ದು ಡೆನಿಮ್ ಬಟ್ಟೆಯಲ್ಲಿ ಅವಳೇ ಹೊಲಿದ ಚೀಲ. ಅದರಲ್ಲಿ ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಕಾಲಿಗೆ ಕ್ಯಾನ್ವಾಸ್ ಬೂಟು. ಚಳಿಯ ರಾತ್ರಿಗಳಲ್ಲಿ ಚಪ್ಪಟೆ ಕಲ್ಲುಗಳನ್ನು ಕಾಯಿಸಿ ಅವುಗಳ ಮೇಲೆ ಮಲಗುತ್ತಿದ್ದಳಂತೆ. ಆಮೇಲೂ ಎರಡು ಸಲ ಆ ದಾರಿಯನ್ನು ಪೂರ್ತಿ ನಡೆದಳು. ಅವಳ ಬಳಿ ಇದ್ದದ್ದು ಕಡಿಮೆ, ಆದರೆ ತನಗೆ ಏನು ಬೇಕು, ಏನು ಬೇಡ ಎಂಬುದು ಅವಳಿಗೆ ಪೂರ್ತಿ ಗೊತ್ತಿತ್ತು. 1990ರ ದಶಕದಲ್ಲಿ ರೇ ಜಾರ್ಡೀನ್ ಎಂಬ ಬಂಡೆಯೇರುವವ, ತನ್ನ ಹೆಂಡತಿ ಜೆನ್ನಿಯ ಜೊತೆ ಸೇರಿ, ಇದೇ ತಿಳಿವನ್ನು ಒಂದು ವಿಧಾನವನ್ನಾಗಿ ಮಾಡಿದ. ಮೈಯ ಅಡಿಯಲ್ಲಿ ಜಜ್ಜಿಹೋಗುವ ಭಾಗ ಬಿಸುಪು ಕೊಡದಿದ್ದರೆ ಅದನ್ನೇಕೆ ಹೊರಬೇಕು ಎಂದು ಸ್ಲೀಪಿಂಗ್ ಬ್ಯಾಗಿನ ಅಡಿಯನ್ನೇ ತೆಗೆದುಹಾಕಿ, ಮೇಲೆ ಹೊದೆಯುವ ಸಿಂಥೆಟಿಕ್ ಕ್ವಿಲ್ಟ್ ಹೊಲಿದ. ಮನೆಯಲ್ಲೇ ಹೊಲಿಯುವವರಿಗೆ ಬಟ್ಟೆ, ಹಾಳೆ, ದಾರಗಳ ಕಿಟ್ ಕೊಟ್ಟ. ಹ್ಯಾಮಕ್ಕಿನ ಟಾಪ್ ಕ್ವಿಲ್ಟ್ ಆ ಯೋಚನೆಯ ಕೂಸು.

ಇನ್ನು ಕೆಲಸಕ್ಕೆ ಕೂರೋಣ. ಬೇಕಾದದ್ದು ರಿಪ್‌ಸ್ಟಾಪ್ ನೈಲಾನ್. ಇದರಲ್ಲಿ ಸಣ್ಣ ಚೌಕುಳಿಯಾಗಿ ದಪ್ಪ ಎಳೆ ನೇಯ್ದಿರುವುದರಿಂದ ಒಂದು ಕಡೆ ಹರಿದರೆ ಹರಕು ಅಲ್ಲೇ ನಿಲ್ಲುತ್ತದೆ. 20 ಡೆನಿಯರಿನ ಬಟ್ಟೆ ತೆಗೆದುಕೊಳ್ಳಿ. ಅಂದರೆ ಅದರ ನೂಲು 9,000 ಮೀಟರ್ ಉದ್ದಕ್ಕೆ 20 ಗ್ರಾಂ ತೂಗುತ್ತದೆ. ಚದರ ಮೀಟರಿಗೆ 40 ಗ್ರಾಂ ಒಳಗೇ ಬರುವ ಈ ಬಟ್ಟೆ ಗಾಳಿಯನ್ನು ತಡೆಯುತ್ತದೆ, ಮೈಯ ಬೆವರಾವಿಯನ್ನು ಹೊರಗೆ ಬಿಡುತ್ತದೆ. ಸಿಲಿಕೋನ್ ಬಳಿದ ಮಳೆಬಟ್ಟೆ ಇದಕ್ಕೆ ಸಲ್ಲದು. ಆವಿ ಒಳಗೇ ನಿಂತು ನೀರಾಗುತ್ತದೆ. ದಾರ ಪಾಲಿಯೆಸ್ಟರಿನದೇ ಇರಲಿ, ಹತ್ತಿಯ ದಾರ ತೇವಕ್ಕೆ ಕೊಳೆಯುತ್ತದೆ. ಸೂಜಿ ಸಣ್ಣದು, 70ನೇ ನಂಬರು. ಹೊಲಿಗೆಯ ಉದ್ದ ಮೂರು ಮಿ.ಮೀ.; ಅದಕ್ಕಿಂತ ತೀರ ಒತ್ತಾಗಿ ಹೊಲಿದರೆ ತೆಳು ಬಟ್ಟೆಯಲ್ಲಿ ತೂತುಗಳ ಸಾಲೇ ಬಿದ್ದು ಅಲ್ಲಿಂದಲೇ ಹರಿಯುತ್ತದೆ. ಗುಂಡುಸೂಜಿಯ ಬದಲು ಕ್ಲಿಪ್ಪು ಹಾಕಿದರೆ ಅಷ್ಟು ತೂತು ಕಡಿಮೆ.

ಅಳತೆಗೆ ಬಂದರೆ, ಸಾಧಾರಣವಾಗಿ ಪೂರ್ಣ ಉದ್ದದ ಅಂಡರ್‌ಕ್ವಿಲ್ಟ್ 200 ಸೆಂ.ಮೀ. ಉದ್ದ, 130 ಸೆಂ.ಮೀ. ಅಗಲ. 200 ಗ್ರಾಂ ಹಾಳೆ ಹಾಕಿದರೆ ತುಂಬುವಸ್ತು 520 ಗ್ರಾಂ, ಎರಡು ಪದರ ಬಟ್ಟೆ 208 ಗ್ರಾಂ. ದಾರ, ಹಗ್ಗ ಎಲ್ಲ ಸೇರಿ ಮುಕ್ಕಾಲು ಕಿಲೊ ಮೀರಿ ಸ್ವಲ್ಪ. ನನ್ನಂಥ ಐದಡಿಯವರು ಉದ್ದವನ್ನು 170 ಸೆಂ.ಮೀ.ಗೆ ಇಳಿಸಿದರೆ ಹೆಚ್ಚುಕಡಿಮೆ 109 ಗ್ರಾಂ ಉಳಿಯುತ್ತದೆ. ಅದರಲ್ಲಿ 36 ಗ್ರಾಂ ಖರ್ಚುಮಾಡಿ, 60 ಸೆಂ.ಮೀ. ಚೌಕದ 100 ಗ್ರಾಂ ಹಾಳೆಯೊಂದನ್ನು ಟಾಪ್ ಕ್ವಿಲ್ಟಿನ ಪಾದದ ಕಡೆ ಎರಡನೇ ಪದರವಾಗಿ ಇಡಬಹುದು. ತಣ್ಣನೆಯ ಕಾಲಿಗೆ ಆ 36 ಗ್ರಾಂ ಮಾಡುವ ಉಪಕಾರ ಬೇರೆಲ್ಲೋ ಹಾಕಿದ ಅರ್ಧ ಕಿಲೊ ಮಾಡಲಾರದು. ಮಗ್ಗುಲಾಗಿ ಮಲಗುವವರಿಗೆ ಉದ್ದಕ್ಕಿಂತ ಭುಜದ ಕಡೆಯ ಅಗಲ ಹೆಚ್ಚು ಬೇಕು. ಹಣದಿಂದ ಕೊಳ್ಳಲಾಗದ ಸೌಲಭ್ಯವೆಂದರೆ ಇದು: ನಮ್ಮ ಮೈಯಲ್ಲಿ ಬೇಡವಾದ ಕಡೆಯಿಂದ ತೆಗೆದು ಬೇಕಾದ ಕಡೆ ಇಡುವುದು.

ಹೊಲಿಗೆಯ ಕ್ರಮ ದಿಂಬಿನ ಗವಸಿನದು. ಎರಡು ಬಟ್ಟೆಗಳನ್ನು ಹೊರಮೈ ಒಳಗಾಗುವಂತೆ ಒಂದರ ಮೇಲೊಂದು ಹರಡಿ, ಅವುಗಳ ಮೇಲೆ ಹಾಳೆಯನ್ನು ಹಾಸಿ, ಅಂಚಿನಿಂದ ಒಂದು ಸೆಂ.ಮೀ. ಒಳಗೆ ಮೂರು ಬದಿ ಹೊಲಿಯಬೇಕು. ಹಾಳೆಯ ಎಳೆಗಳು ಯಂತ್ರದ ಪಾದಕ್ಕೆ ಸಿಕ್ಕಿ ಎಳೆದಾಡುತ್ತವೆ. ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದರೆ ಆಯಿತು. ನಾಲ್ಕನೇ ಬದಿಯಿಂದ ಕೈ ತೂರಿಸಿ ಮೂಲೆಗಳನ್ನು ಹಿಡಿದು ಹೊರಳಿಸಿದಾಗ, ಅದುವರೆಗೆ ಹೊರಗೆ ಕೂತಿದ್ದ ಹಾಳೆ ಎರಡು ಬಟ್ಟೆಗಳ ನಡುವೆ ಹೋಗಿ ಸೇರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಅದು. ಮೇಜಿನ ಮೇಲೆ ತೆಪ್ಪಗೆ ಬಿದ್ದಿದ್ದ ಬಟ್ಟೆ ಕಣ್ಣೆದುರೇ ಉಬ್ಬಿ ಹೊದಿಕೆಯಾಗುತ್ತದೆ. ಆಮೇಲೆ ನಾಲ್ಕನೇ ಬದಿ ಮುಚ್ಚಿ, ಉದ್ದದ ಎರಡೂ ಅಂಚಿನಲ್ಲಿ ನಾಳ ಮಡಚಿ, ಮೂರು ಮಿ.ಮೀ. ಎಲಾಸ್ಟಿಕ್ ಹಗ್ಗ ತೂರಿಸುವುದು. ತುದಿಗಳಲ್ಲಿ ಬಿಗಿದು ಸಡಿಲಿಸುವ ದಾರ, ಮೂಲೆಗಳಲ್ಲಿ ಗಟ್ಟಿ ರಿಬ್ಬನ್ನಿನ ಕುಣಿಕೆ. ಅಂಡರ್‌ಕ್ವಿಲ್ಟಿಗೆ ಇನ್ನೊಂದು ಸೂಕ್ಷ್ಮವಿದೆ. ಅದು ಬಾಗಿ ತೂಗುವುದರಿಂದ ಹೊರಗಿನ ಬಟ್ಟೆ ಒಳಗಿನದಕ್ಕಿಂತ ಎಂಟು ಹತ್ತು ಸೆಂ.ಮೀ. ಅಗಲವಿರಬೇಕು, ಹೆಚ್ಚಿನದನ್ನು ತುದಿಗಳಲ್ಲಿ ಸಣ್ಣ ನಿರಿಗೆಯಾಗಿ ಹಿಡಿಯಬೇಕು. ಎರಡೂ ಒಂದೇ ಅಳತೆಯಾದರೆ ಬಾಗಿದಾಗ ಹೊರಬಟ್ಟೆ ಹಾಳೆಯನ್ನು ಒತ್ತುತ್ತದೆ, ಗಾಳಿಯ ಮನೆ ಅಲ್ಲಿಗೆ ಕುಸಿಯುತ್ತದೆ.

ಹೀಗೆ ನಡುವೆ ಒಂದೂ ಹೊಲಿಗೆಯಿಲ್ಲದ ಹೊದಿಕೆಯನ್ನು ಮುಗಿಸಿ ಎತ್ತಿ ಹಿಡಿದಾಗ ಕೌದಿ ನೆನಪಾಗದೆ ಇರದು. ನಮ್ಮ ಕಡೆಯ ಕೌದಿಯಲ್ಲಿ ಹೊಲಿಗೆಯೇ ಎಲ್ಲ. ಹಳೇ ಇಳಕಲ್ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಬೆರಳಗಲದ ಅಂತರದಲ್ಲಿ ಸಾಲು ಸಾಲು ಎಳೆ ಓಡಿಸಿ, ಎಲ್ಲ ಪದರ ಒಂದಾಗುವ ತನಕ ಕೈ ನಿಲ್ಲುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗಳು ಇನ್ನೂ ಸೊಗಸು. ಅವರು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನದ 'ಫೂಲ'ಗಳನ್ನು ಕೂರಿಸದೆ ಕೌದಿ ಪೂರ್ತಿಯಾಯಿತು ಅನ್ನುವುದಿಲ್ಲ. ಅಷ್ಟು ಹೊಲಿಗೆ ಹಾಕಿದರೂ ಕೌದಿ ಬೆಚ್ಚಗಿರುತ್ತದೆ, ಯಾಕೆಂದರೆ ಅದು ಉಬ್ಬನ್ನು ನಂಬಿದ್ದಲ್ಲ. ಅದರ ಗಾಳಿ ನೇಯ್ಗೆ ನೇಯ್ಗೆಗಳ ಸಂದಿಯಲ್ಲಿ, ಪದರ ಪದರಗಳ ನಡುವೆ ಇದೆ. ಮೈಭಾರಕ್ಕೆ ಅದು ಅಷ್ಟಾಗಿ ಸೋಲುವುದಿಲ್ಲ. ಅದಕ್ಕೇ ಸೀರೆಯ ಜೋಲಿಯಲ್ಲಿ ಕೂಸಿನ ಬೆನ್ನ ಕೆಳಗೆ ಕೌದಿಯನ್ನೇ ಹಾಸುವುದು. ಎಪೆಕ್ಸ್ ಹಾಳೆಯನ್ನು ಕೌದಿಯಂತೆ ಸಾಲುಸಾಲಾಗಿ ಹೊಲಿದರೆ ಹೊಲಿಗೆ ಬಿದ್ದಲ್ಲೆಲ್ಲ ಚಳಿಯ ಗೆರೆ ಬೀಳುತ್ತದೆ. ಕೌದಿಗೆ ಹೊಲಿಗೆ ಪ್ರಾಣ, ಇದಕ್ಕೆ ಹೊಲಿಗೆಯಿಲ್ಲದ ಬಯಲು ಪ್ರಾಣ. ಎರಡನ್ನೂ ಒಂದು ಮಾಡುವುದು ಯಾರ ಮೈಗೆ, ಯಾವ ಜಾಗಕ್ಕೆ ಎಂದು ಮೊದಲು ಯೋಚಿಸಿದ ಕೈ. ಕೌದಿಯನ್ನೂ ಯಾರೂ ಸುಮ್ಮನೆ ಹೊಲಿಯುವುದಿಲ್ಲ. ಬಾಣಂತಿಗೆ, ಮೊಮ್ಮಗುವಿಗೆ, ಅತ್ತೆಮನೆಗೆ ಹೊರಟ ಮಗಳಿಗೆ ಎಂದೇ ಹೊಲಿಯುತ್ತಾರೆ.

ಹೊಲಿದಾದ ಮೇಲೆ ಕಟ್ಟುವುದೂ ಒಂದು ಕಲೆ. ಹ್ಯಾಮಕ್ಕಿನ ಹಗ್ಗ ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಲಿ, ಮಲಗುವುದು ಉದ್ದಕ್ಕಲ್ಲ, ಕರ್ಣರೇಖೆಯಲ್ಲಿ. ಆಗ ಬೆನ್ನು ಬಾಳೆಹಣ್ಣಾಗದೆ ಸಮವಾಗಿ ನಿಲ್ಲುತ್ತದೆ. ಅಂಡರ್‌ಕ್ವಿಲ್ಟ್ ಜೋತುಬಿದ್ದರೆ ಅದಕ್ಕೂ ಹ್ಯಾಮಕ್ಕಿಗೂ ನಡುವೆ ಗಾಳಿ ಓಡಾಡುತ್ತದೆ, ಎಷ್ಟು ದಪ್ಪ ಹಾಳೆ ಹಾಕಿದ್ದರೂ ವ್ಯರ್ಥ. ಬಿಗಿದು ಕಟ್ಟಿದರೆ ಹಾಳೆ ಜಜ್ಜುತ್ತದೆ. ಒಬ್ಬರು ಮಲಗಿದಾಗ ಇನ್ನೊಬ್ಬರು ಅಂಗೈಯನ್ನು ಎರಡರ ನಡುವೆ ತೂರಿಸಿ ತಲೆಯಿಂದ ಕಾಲಿನವರೆಗೆ ಸರಿಸಬೇಕು. ಎಲ್ಲ ಕಡೆಯೂ ಕೈಗೆ ಎರಡೂ ಬಟ್ಟೆ ಮೃದುವಾಗಿ ತಾಗಿದರೆ ಹದ ಸರಿ. ಇದನ್ನು ಮನೆಯ ಹಿತ್ತಲಲ್ಲೇ ಒಂದು ತಂಪು ರಾತ್ರಿ ಮಾಡಿ ನೋಡಿ, ಆಮೇಲೆ ಬೆಟ್ಟಕ್ಕೆ ಹೋಗಬೇಕು. ಮನೆಗೆ ಬಂದ ಮೇಲೆ ಚೀಲದಲ್ಲಿ ತುರುಕಿ ಇಡದೆ ಬೀರುವಿನಲ್ಲಿ ಸಡಿಲವಾಗಿ ನೇತುಹಾಕಬೇಕು. ಸಿಂಥೆಟಿಕ್ ಎಳೆ ಮತ್ತೆ ಮತ್ತೆ ಒತ್ತಡಕ್ಕೆ ಸಿಕ್ಕಿದಷ್ಟೂ ತನ್ನ ಉಬ್ಬನ್ನು ಕಳೆದುಕೊಳ್ಳುತ್ತದೆ, ಅದನ್ನು ಮಿಡಿದು ಎಬ್ಬಿಸಲು ಯಾವ ಪಿಂಜಾರರಿಗೂ ಆಗದು.

ಗೆಳತಿಯರು ತಮಗೊಂದು ಹೊಲಿದುಕೊಡು ಎಂದು ಕೇಳುತ್ತಾರೆ. ಎಷ್ಟು ಡಿಗ್ರಿಗೆ ಬೇಕೆಂದು ಅವರು ಮೊದಲೇ ಹೇಳಿಬಿಡುತ್ತಾರೆ. ಆ ಅಂಕಿಯನ್ನು ನಾನು ಕೊನೆಯಲ್ಲಿ ಬರೆದುಕೊಳ್ಳುತ್ತೇನೆ. ರಾತ್ರಿ ಮೊದಲು ತಣ್ಣಗಾಗುವುದು ನಿಮ್ಮ ಮೈಯ ಯಾವ ಭಾಗ? ಅಂಗಾತ ಮಲಗುತ್ತೀರಾ, ಮಗ್ಗುಲಾಗಿಯಾ? ನಿದ್ದೆಯಲ್ಲಿ ಹೊರಳುತ್ತೀರಾ? ಇವನ್ನು ಕೇಳಿದಾಗ ಹಲವರು ಉತ್ತರ ಹೇಳಲು ತಡವರಿಸುತ್ತಾರೆ, ಯಾರೂ ಅವರನ್ನು ಅದುವರೆಗೆ ಕೇಳಿರುವುದಿಲ್ಲ. ಒಂದು ವಾರ ಗಮನಿಸಿ ಬಂದು ಹೇಳಿ ಎನ್ನುತ್ತೇನೆ. ಹಾಗೆ ಗಮನಿಸಿ ಬಂದವರಲ್ಲಿ ಕೆಲವರು, ಬೇಡ, ನಾನೇ ಹೊಲಿದುಕೊಳ್ಳುತ್ತೇನೆ, ಯಂತ್ರದ ಮುಂದೆ ಪಕ್ಕದಲ್ಲಿ ಕೂತಿರು ಸಾಕು ಎಂದಿದ್ದಾರೆ. ಆಗ ನನಗೆ ಆಗುವ ಸಂತೋಷ ನಾನೇ ಹೊಲಿದುಕೊಟ್ಟಾಗಿನದಕ್ಕಿಂತ ದೊಡ್ಡದು. ನೀವೂ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಉದ್ದ, ಅಗಲ, ಗ್ರಾಂ, ಎಲ್ಲ ಲೆಕ್ಕವೂ ಅದರಿಂದಲೇ ಹುಟ್ಟುತ್ತದೆ.